ಅಪ್ಪನ ವಿಲ್ ರಿಜಿಸ್ಟರ್ ಆಗಿಲ್ಲ, ಒಬ್ಬ ಸಾಕ್ಷಿ ತೀರಿಕೊಂಡಿದ್ದಾರೆ: ಮನೆ, ಎಫ್‌ಡಿ, ಷೇರು, ಜಮೀನಿಗೆ ಪ್ರೊಬೇಟ್ ಬೇಕೇ?

ಹೊಂಗೆಮರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತಂದೆಯವರು ಹೋದ ನವೆಂಬರ್‌ನಲ್ಲಿ ತೀರಿಕೊಂಡರು. ನಾವು ಹಿಂದೂಗಳು. ಇರುವವರು ಅಮ್ಮ, ನಾನು, ತಂಗಿ (ಮದುವೆಯಾಗಿದೆ) ಮತ್ತು ಅಪ್ಪನ ತಾಯಿ, 86 ವರ್ಷದ ನಮ್ಮಜ್ಜಿ. 2019ರಲ್ಲಿ ಅಪ್ಪ ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಕೈಯಾರೆ ಬರೆದ ವಿಲ್ ಇದೆ. ಇಬ್ಬರು ಸಾಕ್ಷಿಗಳ ಸಹಿ ಇದೆ, ಅವರಲ್ಲಿ ಒಬ್ಬರು ಈಗಿಲ್ಲ. ರಿಜಿಸ್ಟರ್ ಆಗಿಲ್ಲ. ವಿಲ್‌ನಂತೆ ನಡೆಸಿಕೊಡುವ ಎಕ್ಸಿಕ್ಯೂಟರ್ ಅಂತ ಯಾರನ್ನೂ ಹೆಸರಿಸಿಲ್ಲ.

ಆಸ್ತಿ ಹೀಗಿದೆ:
1. ಮೈಸೂರಿನ ಮನೆ, ಅಪ್ಪನ ಸ್ವಯಾರ್ಜಿತ. ವಿಲ್ ಪ್ರಕಾರ ಅಮ್ಮನಿಗೆ.
2. ರಾಷ್ಟ್ರೀಕೃತ ಬ್ಯಾಂಕಿನಲ್ಲಿ 11 ಲಕ್ಷದ ಎಫ್‌ಡಿ, ನಾಮಿನಿ ಇಲ್ಲ. ವಿಲ್ ಪ್ರಕಾರ ಅಮ್ಮನಿಗೆ.
3. ಸಹಕಾರಿ ಬ್ಯಾಂಕಿನಲ್ಲಿ 2022ರಲ್ಲಿ ಇಟ್ಟ 7 ಲಕ್ಷ. ನಾಮಿನಿ ಇಲ್ಲ, ವಿಲ್‌ನಲ್ಲೂ ಇಲ್ಲ.
4. ಡಿಮ್ಯಾಟ್ ಖಾತೆ. ನಾಮಿನಿ ನಾನು. ವಿಲ್‌ನಲ್ಲಿ ಇಲ್ಲ.
5. ತೊಂಬತ್ತರ ದಶಕದ ಕಾಗದದ ಷೇರು ಸರ್ಟಿಫಿಕೇಟುಗಳು.
6. ಊರಿನಲ್ಲಿ 2 ಎಕರೆ 10 ಗುಂಟೆ. ತಾತನ ಕಾಲದ್ದು, ಅಣ್ಣತಮ್ಮಂದಿರ ನೋಂದಾಯಿತ ಪಾಲಿನಲ್ಲಿ ಅಪ್ಪನಿಗೆ ಬಂದದ್ದು. ವಿಲ್‌ನಲ್ಲಿ ಇಲ್ಲ.

ನಮ್ಮೊಳಗೆ ತಕರಾರಿಲ್ಲ. ಒಬ್ಬರು "ಪ್ರೊಬೇಟ್ (ವಿಲ್ ನಿಜವೆಂಬ ಕೋರ್ಟಿನ ದೃಢೀಕರಣ) ಇಲ್ಲದೆ ಏನೂ ಆಗಲ್ಲ" ಅಂತಾರೆ, ಇನ್ನೊಬ್ಬರು "ವಾರಸಾ ಸರ್ಟಿಫಿಕೇಟ್ ಒಂದಿದ್ದರೆ ಎಲ್ಲ ಆಗುತ್ತೆ" ಅಂತಾರೆ. ಯಾವುದು ಸರಿ? ಯಾವುದನ್ನು ಮೊದಲು ಹಿಡಿಯಬೇಕು?

ಕಡತ ಓದುವವ

ಎರಡೂ ಸರಿಯಲ್ಲ. ಆರೂ ಆಸ್ತಿಗೆ ಒಂದೇ ಕಾಗದ ಸಾಲುವುದಿಲ್ಲ. ಪ್ರತಿಯೊಂದಕ್ಕೂ ಅದನ್ನು ಯಾರು ವರ್ಗಾಯಿಸುತ್ತಾರೆ, ಅವರು ಏನು ಕೇಳುತ್ತಾರೆ ಅಂತ ಬೇರೆ ಬೇರೆಯಾಗಿ ನೋಡಬೇಕು. ಮೊದಲು ಪ್ರೊಬೇಟ್ ವಿಚಾರ.

ಕರ್ನಾಟಕದಲ್ಲಿರುವ ಆಸ್ತಿಗೆ ಇಲ್ಲೇ ಬರೆದ ಹಿಂದೂ ವಿಲ್‌ಗೆ ಪ್ರೊಬೇಟ್ ಯಾವತ್ತೂ ಕಡ್ಡಾಯ ಆಗಿರಲಿಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ ಕಲಂ 213 ಕಡ್ಡಾಯ ಮಾಡಿದ್ದು ಬ್ರಿಟಿಷರ ಕಾಲದ ಬಂಗಾಳ ಪ್ರಾಂತ್ಯ ಮತ್ತು ಮುಂಬೈ, ಚೆನ್ನೈ ನಗರಗಳ ವಿಲ್ ಮತ್ತು ಆಸ್ತಿಗಳಿಗೆ. 2025ರ ಕೊನೆಯಲ್ಲಿ ಸಂಸತ್ತು ಆ ಕಲಮನ್ನೇ ತೆಗೆದುಹಾಕಿದೆ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಬಹುಪಾಲು ಬರಹಗಳು ಮುಂಬೈ ಲೆಕ್ಕದಲ್ಲಿ ಬರೆದವು. ಗೊಂದಲಕ್ಕೆ ಅದೇ ಮೂಲ.

ಎರಡನೆಯದು, ನಿಮ್ಮ ವಿಲ್‌ಗೆ ಬಯಸಿದರೂ ಪ್ರೊಬೇಟ್ ಸಿಗುವುದು ಕಷ್ಟ. ಪ್ರೊಬೇಟ್ ಕೊಡುವುದು ವಿಲ್‌ನಲ್ಲಿ ನೇಮಕವಾದ ಎಕ್ಸಿಕ್ಯೂಟರ್‌ಗೆ ಮಾತ್ರ (ಕಲಂ 222). ಎಕ್ಸಿಕ್ಯೂಟರ್ ಇಲ್ಲದಿದ್ದರೆ ಕೇಳಬೇಕಾದದ್ದು "ವಿಲ್ ಲಗತ್ತಿಸಿದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್" (ಸೊತ್ತು ನಿರ್ವಹಿಸಲು ಕೋರ್ಟ್ ಕೊಡುವ ಅಧಿಕಾರಪತ್ರ). ಆದರೂ ವಿಲ್‌ನ ಕೊನೆಯ ಸಾಲುಗಳನ್ನು ಇನ್ನೊಮ್ಮೆ ಓದಿ. "ನನ್ನ ಕಾಲಾನಂತರ ನನ್ನ ಮಗನು ಇದರಂತೆ ಎಲ್ಲವನ್ನೂ ನೆರವೇರಿಸತಕ್ಕದ್ದು" ಎಂಬಂಥ ಮಾತಿದ್ದರೆ ಎಕ್ಸಿಕ್ಯೂಟರ್ ಎಂಬ ಪದ ಇಲ್ಲದೆಯೂ ಅದನ್ನು ನೇಮಕ ಅಂತ ಓದಲು ಅವಕಾಶವಿದೆ. ತಪ್ಪು ಹೆಸರಿನ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಳೆದ ಮೇಲೆ ತಿದ್ದುಪಡಿ ಹಾಕುವ ಪಾಡು ಬೇಡ. ಇದನ್ನು ಮೊದಲೇ ನಿರ್ಧರಿಸಿಕೊಳ್ಳಿ.

ವಿಲ್‌ಗೆ ಕೋರ್ಟಿನ ಮುದ್ರೆ ನಿಜಕ್ಕೂ ಬೇಕಾಗುವುದು ಮೂರು ಸಂದರ್ಭದಲ್ಲಿ: ವಾರಸುದಾರರಲ್ಲಿ ಒಬ್ಬರು ವಿಲ್ ಒಪ್ಪದಿದ್ದಾಗ, ಬ್ಯಾಂಕೋ ಕಂಪನಿಯೋ ಮಿತಿ ಮೀರಿದ ಮೊತ್ತಕ್ಕೆ ಕೇಳಿದಾಗ, ಮುಂದೆ ಮನೆ ಕೊಳ್ಳುವವರ ಅಥವಾ ಸಾಲ ಕೊಡುವವರ ವಕೀಲರು ಬರೀ ವಿಲ್ ನಂಬದಿದ್ದಾಗ. ತಕರಾರಿಲ್ಲದ ನಿಮ್ಮ ಮನೆಯಲ್ಲಿ ಮೂರನೆಯದೊಂದೇ ಎದುರಾಗಬಹುದು. ಅದಕ್ಕೆ ಕೋರ್ಟಿಗಿಂತ ಅಗ್ಗದ ದಾರಿಯೂ ಇದೆ. ಕೆಳಗೆ ಬರೆಯುತ್ತೇನೆ.

ಈಗ ಸಾಕ್ಷಿ. ಈ ವಾರವೇ ಕೈಗೆತ್ತಿಕೊಳ್ಳಬೇಕಾದ ಕೆಲಸ ಇದು. ವಿಲ್ ಸಿಂಧು ಆಗಲು ಇಬ್ಬರು ಸಾಕ್ಷಿಗಳ ಸಹಿ ಬೇಕು, ಸಾಬೀತು ಮಾಡಲು ಬದುಕಿರುವ ಒಬ್ಬರು ಸಾಕು. ಆದರೆ ಆ ಒಬ್ಬರು ಎರಡನ್ನೂ ಹೇಳಬೇಕು: ನಿಮ್ಮ ತಂದೆ ಸಹಿ ಹಾಕಿದ್ದನ್ನು ನೋಡಿದೆ, ತಾನೂ ತೀರಿಕೊಂಡ ಆ ಇನ್ನೊಬ್ಬ ಸಾಕ್ಷಿಯೂ ತಂದೆಯ ಎದುರಿನಲ್ಲೇ ಸಹಿ ಹಾಕಿದೆವು ಅಂತ. "ನನ್ನ ಸಹಿ ಇದು, ಅಷ್ಟೇ ಗೊತ್ತು" ಅಂದುಬಿಟ್ಟರೆ ವಿಲ್ ಅಲ್ಲೇ ಸೊರಗುತ್ತದೆ. ಇಬ್ಬರೂ ಸಾಕ್ಷಿಗಳು ಒಂದೇ ಹೊತ್ತಿಗೆ ಅಲ್ಲಿರಲೇಬೇಕು ಅಂತ ಕಾನೂನಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಹಾಕಿದ್ದರೂ ಪ್ರತಿಯೊಬ್ಬರೂ ತಂದೆಯ ಸಮ್ಮುಖದಲ್ಲಿ ಹಾಕಿರಬೇಕು. ಹಾಗಾಗಿದ್ದರೆ ಆ ಇನ್ನೊಬ್ಬರ ಸಹಿಯ ಬಗ್ಗೆ ಇವರು ಹೇಳಲಾರರು. ಆಗ ಅವರ ಕೈಬರಹ ಬಲ್ಲವರು ಬೇಕಾಗುತ್ತಾರೆ.

ಆದ್ದರಿಂದ ಬದುಕಿರುವ ಸಾಕ್ಷಿಯಿಂದ ಈಗಲೇ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ದಿನಾಂಕ, ಜಾಗ, ಯಾರು ಯಾರಿದ್ದರು, ಯಾರು ಮೊದಲು ಸಹಿ ಹಾಕಿದರು, ತಂದೆಯವರ ಮನಸ್ಸಿನ ಸ್ಥಿಮಿತ ಹೇಗಿತ್ತು, ಎಷ್ಟು ಹಾಳೆ, ಎಲ್ಲ ಬರಲಿ. ಅವರು ನೆನಪಿನಿಂದ ಹೇಳಿದ್ದನ್ನಷ್ಟೇ ಬರೆಸಿ, ಬಾಯಿಗೆ ಮಾತು ತುಂಬಬೇಡಿ. ಮುಂದೆ ವಿಚಾರಣೆ ನಡೆದರೆ ಈ ಅಫಿಡವಿಟ್ ಒಂದೇ ಸಾಕ್ಷ್ಯ ಆಗದು, ಅವರು ಕಟಕಟೆಗೆ ಬರಬೇಕು. ಖಾತೆ ಆಫೀಸು, ಬ್ಯಾಂಕಿಗೆ ಮಾತ್ರ ಇದು ಬಹಳ ಉಪಯೋಗ.

ಇನ್ನೊಂದು: ಮೂಲ ವಿಲ್‌ಗೆ ಪಿನ್ ಚುಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಮೇಲೆ ಏನೂ ಬರೆಯಬೇಡಿ, ಯಾವ ಆಫೀಸಿಗೂ ಮೂಲಪ್ರತಿ ಕೊಟ್ಟು ಬರಬೇಡಿ. ತೋರಿಸಿ, ದೃಢೀಕೃತ ನಕಲು ಕೊಡಿ.

ಅಡಿಕೆತೋಟ

ಡಿಮ್ಯಾಟ್‌ಗೆ ನೀವೇ ನಾಮಿನಿ ಅಂದಮೇಲೆ ಅದು ನಿಮ್ಮದೇ ಆಯ್ತಲ್ಲ. ಅದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಕಡತ ಓದುವವ

ಅಡಿಕೆತೋಟ ಅವರೇ, ಹಾಗಲ್ಲ. ಮನೆ ಮುರಿಯುವ ತಪ್ಪು ತಿಳಿವಳಿಕೆ ಇದು. ನಾಮಿನಿ ಅಂದರೆ ಸಂಸ್ಥೆಯಿಂದ ಸೊತ್ತನ್ನು ಕೈಗೆ ಪಡೆಯುವವರು. ವಿಲ್ ಇದ್ದರೆ ವಿಲ್‌ನಂತೆ, ಇಲ್ಲದಿದ್ದರೆ ಉತ್ತರಾಧಿಕಾರ ಕಾಯ್ದೆಯಂತೆ ಅದನ್ನು ವಾರಸುದಾರರಿಗೆ ಮುಟ್ಟಿಸಬೇಕಾದವರು. ಷೇರುಗಳ ಮಟ್ಟಿಗೆ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ (ಶಕ್ತಿ ಯೆಜ್ದಾನಿ ಪ್ರಕರಣ) ಇದನ್ನೇ ಹೇಳಿದೆ. ವಿಮೆಗೆ ಮಾತ್ರ 2015ರ ತಿದ್ದುಪಡಿಯಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾದರೆ ಹಣ ಅವರದೇ ಎಂಬ ಮಾತು ಸೇರಿದೆ. ಅದರ ಬಗ್ಗೆಯೂ ಹೈಕೋರ್ಟುಗಳ ತೀರ್ಪು ಒಂದೇ ಥರ ಇಲ್ಲ.

ಹೊಂಗೆಮರ ಅವರ ಡಿಮ್ಯಾಟ್ ವಿಲ್‌ನಲ್ಲಿ ಇಲ್ಲ. ಆದ್ದರಿಂದ ಅದು ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಕಲಂ 8ರಂತೆ ಮೊದಲ ವರ್ಗದ ವಾರಸುದಾರರಿಗೆ ಸಮಪಾಲು: ಹೆಂಡತಿ, ಮಗ, ಮಗಳು ಮತ್ತು ತಾಯಿ. ನಾಲ್ಕು ಪಾಲು. ಸಹಕಾರಿ ಬ್ಯಾಂಕಿನ 7 ಲಕ್ಷಕ್ಕೂ ಇದೇ ಲೆಕ್ಕ.

ಅಜ್ಜಿಯನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. "ಅಮ್ಮ, ನಾನು, ತಂಗಿ" ಅಂತ ಮೂವರ ಹೆಸರಲ್ಲಿ ವಂಶವೃಕ್ಷ ಮಾಡಿಸಿ ಅರ್ಜಿ ಹಾಕುವವರೇ ಹೆಚ್ಚು. ಅಪ್ಪನ ತಂದೆ ಬದುಕಿದ್ದರೆ ಅವರು ಮೊದಲ ವರ್ಗದಲ್ಲಿ ಬರುವುದಿಲ್ಲ, ತಾಯಿ ಬರುತ್ತಾರೆ. ಅಜ್ಜಿಯನ್ನು ಬಿಟ್ಟರೆ ಕಾಗದ ಸುಳ್ಳಾಗುತ್ತದೆ, ಮುಂದೆ ಯಾರು ಬೇಕಾದರೂ ಅದನ್ನೇ ಹಿಡಿದು ಎಳೆಯಬಹುದು. ಅಜ್ಜಿ ತಮ್ಮ ಪಾಲಿನ ಬಗ್ಗೆ ಏನೂ ಮಾಡದೆ ತೀರಿಕೊಂಡರೆ ಆ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ. ಅಂದರೆ ನಿಮ್ಮ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರೂ ನಿಮ್ಮ ತಂದೆಯ ಸೊತ್ತಿನಲ್ಲಿ ಪಾಲುದಾರರಾಗುತ್ತಾರೆ. ಆಮೇಲೆ ಪ್ರತಿ ಕಾಗದಕ್ಕೂ ಅವರೆಲ್ಲರ ಸಹಿ ಬೇಕು.

ನಾಡಕಚೇರಿ ದಾರಿ

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಅಜ್ಜಿಯ ವಿಷಯದಲ್ಲಿ ದಯವಿಟ್ಟು ಒಂದು ಕ್ರಮ ಪಾಲಿಸಿ. ಅವರಿಗೆ ಹಕ್ಕಿದೆ, ಇಷ್ಟು ಬರುತ್ತದೆ ಅಂತ ಮೊದಲು ಅವರಿಗೆ ಅರ್ಥವಾಗುವಂತೆ ಹೇಳಿ. ಬೇಕೆಂದರೆ ಅವರ ಪಾಲು ಅವರ ಹೆಸರಿಗೇ ಎಫ್‌ಡಿ ಮಾಡಿಕೊಡಿ. ತಾವಾಗಿ ಬಿಟ್ಟುಕೊಡುತ್ತೇನೆ ಅಂದರೆ ಮಾತ್ರ ಬಿಡುಗಡೆ ಪತ್ರ. 86 ವರ್ಷದವರ ಹೆಬ್ಬೆಟ್ಟನ್ನು ಅವಸರದಲ್ಲಿ ಒತ್ತಿಸಿಕೊಂಡ ಪತ್ರ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ಮನೆಯಲ್ಲಿ ನಿಲ್ಲುವುದು ಇನ್ನೂ ಕಷ್ಟ. ಅದೇ ದಿನದ ವೈದ್ಯರ ಪ್ರಮಾಣಪತ್ರ ಇರಲಿ. ಪತ್ರವನ್ನು ಓದಿ ಹೇಳಿದವರ ಹೆಸರು ಪತ್ರದಲ್ಲೇ ಬರಲಿ.

ಈಗ ಜಮೀನು. ಕೋರ್ಟ್ ಕೊಡುವ ಸಕ್ಸೆಷನ್ ಸರ್ಟಿಫಿಕೇಟ್ (ಉತ್ತರಾಧಿಕಾರ ಪ್ರಮಾಣಪತ್ರ) ಇಲ್ಲಿ ಕೆಲಸಕ್ಕೆ ಬಾರದು. ಅದು ಸಾಲ, ಠೇವಣಿ, ಷೇರಿನಂಥವಕ್ಕೆ ಮಾತ್ರ, ಸ್ಥಿರಾಸ್ತಿಗೆ ಅಲ್ಲ. ಇಲ್ಲಿ ಬೇಕಾದ್ದು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ.

ಮರಣ ಪ್ರಮಾಣಪತ್ರ ಇದೆ ಅಂದುಕೊಳ್ಳುತ್ತೇನೆ. 21 ದಿನದೊಳಗೆ ನೋಂದಣಿ ಆಗಿದ್ದರೆ ಸುಲಭ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ. ಹತ್ತು ಪ್ರತಿಯಾದರೂ ತೆಗೆದಿಟ್ಟುಕೊಳ್ಳಿ. ನಂತರ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ನೋಟರಿ ಅಫಿಡವಿಟ್, ಎಲ್ಲರ ಆಧಾರ್, ಪಡಿತರ ಚೀಟಿ, ಮರಣ ಪ್ರಮಾಣಪತ್ರ ಜೊತೆಗಿಡಿ. ಗ್ರಾಮ ಆಡಳಿತ ಅಧಿಕಾರಿ ಸ್ಥಳ ವಿಚಾರಣೆ ಮಾಡಿ ವರದಿ ಕೊಡುತ್ತಾರೆ. "ಜೀವಂತ ಕುಟುಂಬ ಸದಸ್ಯರ ದೃಢೀಕರಣ" ಅಂತ ಇನ್ನೊಂದು ಪತ್ರವಿದೆ. ಪಿಂಚಣಿ, ಬ್ಯಾಂಕಿಗೆ ಅದು ನಡೆಯುತ್ತದೆ, ಪೌತಿಗೆ ವಂಶವೃಕ್ಷ ಕೇಳುತ್ತಾರೆ. ಎರಡನ್ನೂ ಒಟ್ಟಿಗೇ ಹಾಕಿ. ಮದುವೆಯಾದ ತಂಗಿಯ ಹೆಸರು ಎರಡರಲ್ಲೂ ಇರಲೇಬೇಕು. "ಕೊಟ್ಟ ಹೆಣ್ಣುಮಗಳು" ಅಂತ ಬಿಡುವ ಹಳೇ ರೂಢಿ ಇನ್ನೂ ಅಲ್ಲಲ್ಲಿ ಇದೆ. ಬಿಟ್ಟಿದ್ದರೆ ವಾಪಸ್ ಕೊಟ್ಟು ಸರಿ ಮಾಡಿಸಿ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹುಟ್ಟಿನ ಹಕ್ಕು. 2005ರ ತಿದ್ದುಪಡಿ ಅದನ್ನು ಕೊಟ್ಟಿದೆ, 2020ರಲ್ಲಿ ವಿನೀತಾ ಶರ್ಮಾ ತೀರ್ಪು ಎಲ್ಲ ಅನುಮಾನ ತೊಡೆದಿದೆ.

ಹಾಗಾಗಿ ಜಮೀನಿನಲ್ಲಿ ಅಜ್ಜಿಗೆ ಇಡೀ 2 ಎಕರೆ 10 ಗುಂಟೆಯ ಕಾಲುಭಾಗ ಬರುವುದಿಲ್ಲ. ನಿಮಗೂ ತಂಗಿಗೂ ಹುಟ್ಟಿನಿಂದ ಬಂದ ಪಾಲು ನಿಮ್ಮದೇ. ತಂದೆಯ ಪಾಲು ಎಷ್ಟು ಅಂತ ಮೊದಲು ಬೇರ್ಪಡಿಸಿ, ಅದನ್ನು ಮಾತ್ರ ನಾಲ್ವರಿಗೆ ಹಂಚಬೇಕು. ತಂದೆ ಈ ಜಮೀನನ್ನು ವಿಲ್‌ನಲ್ಲಿ ಬರೆದಿದ್ದರೂ ತಮ್ಮ ಪಾಲಿನಷ್ಟೇ ಬರೆಯಬಹುದಿತ್ತು.

ಪೌತಿ ಅರ್ಜಿಗೆ ಪಹಣಿ, ಆ ಹಳೆಯ ನೋಂದಾಯಿತ ಪಾಲುಪತ್ರ, ಅದರ ಮೇಲೆ ಆದ ಮ್ಯುಟೇಷನ್ ನಕಲು ಸೇರಿಸಿ. ಪಹಣಿಯ ಕಾಲಂ 9ರಲ್ಲಿ ತಂದೆಯ ಹೆಸರು, ವಿಸ್ತೀರ್ಣ ಪಾಲುಪತ್ರದಂತೆಯೇ ಇದೆಯಾ ನೋಡಿ. ಕಂಪ್ಯೂಟರೀಕರಣದ ಹೊತ್ತಿಗೆ ಇನಿಷಿಯಲ್ ಬಿದ್ದುಹೋದದ್ದು, ಗುಂಟೆ ತಪ್ಪಿದ್ದು ಬಹಳ. ತಪ್ಪಿದ್ದರೆ ಮೊದಲು ಪಹಣಿ ತಿದ್ದುಪಡಿ, ಆಮೇಲೆ ಪೌತಿ. ನೋಟಿಸು ಹೊರಟು, ಆಕ್ಷೇಪಣೆ ಬರದಿದ್ದರೆ ನಾಲ್ವರ ಜಂಟಿ ಹೆಸರಿಗೆ ಖಾತೆ ಕೂರುತ್ತದೆ. ಆಕ್ಷೇಪಣೆ ಬಂದರೆ ವಿವಾದಿತ ಪ್ರಕರಣವಾಗಿ ತಹಶೀಲ್ದಾರ್ ಮುಂದೆ, ಅಲ್ಲಿಂದ ಮೇಲ್ಮನವಿ ಉಪವಿಭಾಗಾಧಿಕಾರಿಗೆ.

ಜಂಟಿ ಖಾತೆಯಲ್ಲೇ ಬಿಟ್ಟು ಕೂರಬೇಡಿ. ಮುಂದಿನ ತಲೆಮಾರಿಗೆ ಹೆಸರು ನಾಲ್ಕಿದ್ದದ್ದು ಹದಿನಾಲ್ಕಾಗುತ್ತದೆ. ಒಬ್ಬರ ಹೆಸರಿಗೇ ಬರಬೇಕಾದರೆ ಉಳಿದವರಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ, ಹಂಚಿಕೊಳ್ಳುವುದಾದರೆ ನೋಂದಾಯಿತ ವಿಭಾಗ ಪತ್ರ. ಸರ್ವೆ ನಂಬರನ್ನು ತುಂಡು ಮಾಡುವುದಾದರೆ ಮೊದಲು 11ಇ ನಕ್ಷೆ (ತುಂಡಾಗುವ ಭಾಗ ತೋರಿಸುವ ಸರ್ವೆ ನಕ್ಷೆ) ಬೇಕು. ಅದಿಲ್ಲದೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಪತ್ರ ತೆಗೆದುಕೊಳ್ಳುವುದಿಲ್ಲ. ಸರ್ವೆಯರ್ ಬರುವ ತನಕ ಕಾಯಬೇಕಾದ್ದರಿಂದ ಅರ್ಜಿಯನ್ನು ಮೊದಲೇ ಹಾಕಿ.

ಹೊಂಗೆಮರ

ತುಂಬಾ ಧನ್ಯವಾದ. ವಿಲ್ ಮತ್ತೆ ಓದಿದೆ, ನೆರವೇರಿಸುವ ಬಗ್ಗೆ ಯಾವ ಸಾಲೂ ಇಲ್ಲ. ಬದುಕಿರುವ ಸಾಕ್ಷಿ ಅಪ್ಪನ ಸಹೋದ್ಯೋಗಿ, ಅಫಿಡವಿಟ್‌ಗೆ ಒಪ್ಪಿದ್ದಾರೆ. ಮೂವರೂ ಒಂದೇ ಕೋಣೆಯಲ್ಲಿ ಕೂತು ಸಹಿ ಹಾಕಿದ್ದು ಅಂತ ಹೇಳಿದರು. ಮನೆಗೆ "ಕೋರ್ಟಿಗಿಂತ ಅಗ್ಗದ ದಾರಿ" ಅಂದಿರಲ್ಲ, ಅದೇನು? ಬ್ಯಾಂಕಿನವರು 11 ಲಕ್ಷಕ್ಕೂ "ಸಕ್ಸೆಷನ್ ತನ್ನಿ" ಅಂತ ಬಾಯಲ್ಲಿ ಹೇಳಿ ಕಳಿಸಿದ್ದಾರೆ.

ಕಡತ ಓದುವವ

ಸಾಕ್ಷಿಯ ಮಾತು ಗಟ್ಟಿಯಾಗಿದೆ, ಒಳ್ಳೆಯದಾಯಿತು.

ಮನೆ: ನಗರಪಾಲಿಕೆಯಲ್ಲಿ ಖಾತೆ ವರ್ಗಾವಣೆಗೆ ವಿಲ್‌ನ ದೃಢೀಕೃತ ನಕಲು, ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಕ್ರಯಪತ್ರ, ತೆರಿಗೆ ಕಟ್ಟಿದ ರಸೀದಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ತೆಗೆದ ಇ.ಸಿ. (ಋಣಭಾರ ಪ್ರಮಾಣಪತ್ರ), ಸಾಕ್ಷಿಯ ಅಫಿಡವಿಟ್. ಜೊತೆಗೆ ನೀವು, ತಂಗಿ, ಅಜ್ಜಿ ಮೂವರದೂ "ವಿಲ್ ಒಪ್ಪಿದ್ದೇವೆ, ಅಮ್ಮನ ಹೆಸರಿಗೆ ಖಾತೆ ಮಾಡಲು ಆಕ್ಷೇಪವಿಲ್ಲ" ಎಂಬ ಅಫಿಡವಿಟ್. ಇಷ್ಟಿದ್ದರೆ ಸಾಮಾನ್ಯವಾಗಿ ಆಗುತ್ತದೆ.

ಆದರೆ ಖಾತೆ ಅಂದರೆ ತೆರಿಗೆ ಕಟ್ಟುವವರ ಹೆಸರು, ಅದು ಹಕ್ಕುಪತ್ರ ಅಲ್ಲ. ರಿಜಿಸ್ಟರ್ ಆಗದ ವಿಲ್ ಇ.ಸಿ.ಯಲ್ಲಿ ಕಾಣುವುದಿಲ್ಲ. ಹತ್ತು ವರ್ಷದ ನಂತರ ಮನೆ ಮಾರಲು ಹೋದರೆ ಇ.ಸಿ.ಯಲ್ಲಿ ತಂದೆಯ ಹೆಸರಿಗೇ ಸರಪಳಿ ನಿಂತಿರುತ್ತದೆ. ಆ ಹೊತ್ತಿಗೆ ಇರುವ ಒಬ್ಬ ಸಾಕ್ಷಿಯೂ ಇರಲಿಕ್ಕಿಲ್ಲ. ಅಗ್ಗದ ದಾರಿ ಅಂದದ್ದು ಇದಕ್ಕೆ: ನೀವು ಮೂವರೂ ಅಮ್ಮನ ಹೆಸರಿಗೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಿ. ಪೀಠಿಕೆಯಲ್ಲಿ ವಿಲ್‌ನ ದಿನಾಂಕ ಹೇಳಿ, "ವಿಲ್ ಪ್ರಕಾರ ಮನೆ ಇವರಿಗೆ ಸೇರಿದ್ದು, ಅದನ್ನು ನಾವು ಒಪ್ಪಿದ್ದೇವೆ, ವಿಲ್ ಇಲ್ಲದಿದ್ದರೂ ನಮಗೆ ಬರಬಹುದಾಗಿದ್ದ ಯಾವುದೇ ಹಕ್ಕನ್ನೂ ಬಿಟ್ಟಿದ್ದೇವೆ" ಎಂಬ ಅರ್ಥ ಬರುವಂತೆ ಬರೆಸಿ. ಆಗ ಮುಂದೆ ಯಾರಾದರೂ ವಿಲ್ ಪ್ರಶ್ನಿಸಿದರೂ ಅಮ್ಮನ ಹಕ್ಕು ಅಲುಗಾಡದು, ಇ.ಸಿ.ಯಲ್ಲೂ ಅವರ ಹೆಸರು ಬರುತ್ತದೆ. ಕುಟುಂಬದೊಳಗಿನ ಬಿಡುಗಡೆಗೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾವಾರು ಮುದ್ರಾಂಕ ಇಲ್ಲ, ನಿಗದಿತ ಮೊತ್ತ. ಅಜ್ಜಿ ಸಹಿ ಹಾಕುವ ಸ್ಥಿತಿಯಲ್ಲಿ ಇರುವಾಗಲೇ ಇದು ಆಗಬೇಕು. ಅವರು ಒಪ್ಪದಿದ್ದರೆ ಒತ್ತಾಯ ಬೇಡ, ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ ದಾರಿಗೆ ಹೋಗಿ.

ತೀರಿಕೊಂಡ ಮೇಲೂ ವಿಲ್ ರಿಜಿಸ್ಟರ್ ಮಾಡಿಸಲು ನೋಂದಣಿ ಕಾಯ್ದೆಯ ಕಲಂ 40, 41ರಲ್ಲಿ ಅವಕಾಶವಿದೆ, ವಿಲ್‌ನಿಂದ ಸೊತ್ತು ಪಡೆಯುವವರು ಹಾಜರುಪಡಿಸಬಹುದು. ಮಾಡಿಸಿದರೆ ತಪ್ಪಲ್ಲ. ಆದರೆ ನೋಂದಣಿ ಆದ ಮಾತ್ರಕ್ಕೆ ವಿಲ್ ಸಾಬೀತಾದಂತಲ್ಲ, ಸಾಕ್ಷಿಯ ಅಗತ್ಯ ಹಾಗೇ ಉಳಿಯುತ್ತದೆ. ನಾನಾದರೆ ಆ ಶ್ರಮವನ್ನು ಬಿಡುಗಡೆ ಪತ್ರದ ಮೇಲೆ ಹಾಕುತ್ತೇನೆ.

ಬ್ಯಾಂಕ್: ಬಾಯಲ್ಲಿ ಹೇಳಿದ್ದಕ್ಕೆ ವಾಪಸ್ ಬರಬೇಡಿ. ತೀರಿಕೊಂಡ ಗ್ರಾಹಕರ ಕ್ಲೇಮುಗಳ ಬಗ್ಗೆ ಆರ್‌ಬಿಐ 2025ರ ಸೆಪ್ಟೆಂಬರ್‌ನಲ್ಲಿ ನಿರ್ದೇಶನ ಹೊರಡಿಸಿದೆ, ಅದನ್ನು ಜಾರಿ ಮಾಡಲು ಬ್ಯಾಂಕುಗಳಿಗೆ 2026ರ ಮಾರ್ಚ್ 31ರ ಗಡುವು ಕೊಟ್ಟಿತ್ತು. ನಾಮಿನಿ ಇಲ್ಲದ ಠೇವಣಿಗೆ ಸರಳ ವಿಧಾನದ ಮಿತಿ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ. ನಿಮ್ಮ 11 ಲಕ್ಷ ಮಿತಿಯೊಳಗೇ ಇದೆ. ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ಗುರುತಿನ ದಾಖಲೆ, ಇಂಡೆಮ್ನಿಟಿ ಬಾಂಡ್ (ಮುಂದೆ ಬೇರೆಯವರು ಹಕ್ಕು ಕೇಳಿದರೆ ನಷ್ಟ ತುಂಬಿಕೊಡುವ ಮುಚ್ಚಳಿಕೆ), ಉಳಿದ ವಾರಸುದಾರರ ಒಪ್ಪಿಗೆ ಪತ್ರ, ವಾರಸುದಾರರು ಯಾರೆಂಬ ದಾಖಲೆ ಕೊಡಿ. ವಿಲ್ ನಕಲನ್ನೂ ಲಗತ್ತಿಸಿ. ಎಲ್ಲ ಕೊಟ್ಟ ದಿನಾಂಕಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. 15 ದಿನದ ಗಡುವು ಎಣಿಕೆಯಾಗುವುದು ಅಲ್ಲಿಂದ. ಬ್ಯಾಂಕಿನ ತಪ್ಪಿನಿಂದ ತಡವಾದರೆ ಬ್ಯಾಂಕ್ ರೇಟಿನ ಮೇಲೆ ಶೇ. 4 ಸೇರಿಸಿ ತಡವಾದ ಅವಧಿಗೆ ಬಡ್ಡಿ ಕೊಡಬೇಕು. ಆದರೂ ಸಕ್ಸೆಷನ್ ಬೇಕೇಬೇಕು ಅಂದರೆ ಹಾಗೆ ಬರಹದಲ್ಲಿ ಕೊಡಿ ಅಂತ ಕೇಳಿ. ಬರೆದು ಕೊಟ್ಟರೆ ಆ ಕಾಗದ ಹಿಡಿದು ಬ್ಯಾಂಕಿನ ದೂರು ವಿಭಾಗಕ್ಕೆ ಹೋಗಿ, ಅಲ್ಲೂ 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ.

ಸಹಕಾರಿ ಬ್ಯಾಂಕಿನ 7 ಲಕ್ಷ ಮಿತಿ ದಾಟಿದೆ. ಅಲ್ಲಿ ಸಕ್ಸೆಷನ್ ಸರ್ಟಿಫಿಕೇಟ್ ಕೇಳುವ ಸಾಧ್ಯತೆ ಹೆಚ್ಚು. ಅರ್ಜಿ ತಂದೆಯವರು ಕೊನೆಗೆ ವಾಸವಿದ್ದ ವ್ಯಾಪ್ತಿಯ ಸಿವಿಲ್ ಕೋರ್ಟಿನಲ್ಲಿ, "ಪಿ ಅಂಡ್ ಎಸ್‌ಸಿ" ನಂಬರಿನಡಿ ದಾಖಲಾಗುತ್ತದೆ. ನಾಲ್ವರೂ ಅರ್ಜಿದಾರರಾದರೆ ಎದುರುದಾರರಿಗೆ ನೋಟಿಸು ಕಳಿಸಿ ಕಾಯುವ ಕೆಲಸ ಇಲ್ಲ, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಮಾತ್ರ. ಶೆಡ್ಯೂಲ್‌ನಲ್ಲಿ ಎಫ್‌ಡಿ ರಸೀದಿ ನಂಬರು, ಶಾಖೆ, ಅಸಲು, ಕೊನೆ ದಿನಾಂಕ ಒಂದೂ ತಪ್ಪಬಾರದು. ಎಫ್‌ಡಿ ತಾನಾಗಿ ನವೀಕರಣ ಆಗಿದ್ದರೆ ರಸೀದಿ ನಂಬರು ಬದಲಾಗಿರಬಹುದು. ಹಳೇ ನಂಬರಿನ ಸರ್ಟಿಫಿಕೇಟನ್ನು ಬ್ಯಾಂಕ್ ತಿರಸ್ಕರಿಸುತ್ತದೆ. ಅದಕ್ಕೇ ಅರ್ಜಿಗೆ ಮುಂಚೆ ಬ್ಯಾಂಕಿನಿಂದ ಇವತ್ತಿನ ಬಾಕಿ ಪತ್ರ ಪಡೆಯಿರಿ. ಬಿಟ್ಟುಹೋದದ್ದನ್ನು ಕಲಂ 376ರಡಿ ವಿಸ್ತರಣೆ ಕೇಳಿ ಸೇರಿಸಬಹುದು, ಆದರೆ ಅದು ಇನ್ನೊಂದು ಸುತ್ತು. ಕೋರ್ಟ್ ಶುಲ್ಕ ಶೆಡ್ಯೂಲಿನ ಮೊತ್ತದ ಮೇಲೆ ಬೀಳುತ್ತದೆ, ಸರಳ ವಿಧಾನದಲ್ಲಿ ಬರುವ 11 ಲಕ್ಷವನ್ನು ಅದರೊಳಗೆ ತುರುಕಬೇಡಿ.

ಪಾಲುಬಂಡವಾಳ

ಷೇರುಗಳ ಬಗ್ಗೆ ನಾನು ಬರೆಯುತ್ತೇನೆ. ಅರ್ಜಿ ಹಾಕುವ ಮುಂಚೆಯೇ ನೋಡಿಕೊಳ್ಳಬೇಕಾದ್ದು ಇದು, ಯಾಕೆಂದರೆ ಕಾಗದದ ಷೇರಿಗೂ ಸಕ್ಸೆಷನ್ ಬೇಕಾದರೆ ಅದೇ ಶೆಡ್ಯೂಲಿಗೆ ಸೇರಿಸಬೇಕು.

ಡಿಮ್ಯಾಟ್ ಸುಲಭ. ನಾಮಿನಿಯಾಗಿ ಟ್ರಾನ್ಸ್‌ಮಿಷನ್ (ತೀರಿಕೊಂಡವರ ಷೇರು ವರ್ಗಾವಣೆ) ಫಾರಂ, ಮರಣ ಪ್ರಮಾಣಪತ್ರ, ನಿಮ್ಮ ಡಿಮ್ಯಾಟ್‌ನ ಕ್ಲೈಂಟ್ ಮಾಸ್ಟರ್ ಲಿಸ್ಟ್ ಕೊಟ್ಟರೆ ನಿಮ್ಮ ಖಾತೆಗೆ ಬರುತ್ತದೆ. ಅಲ್ಲಿಂದ ಉಳಿದ ಮೂವರ ಪಾಲು ಅವರ ಖಾತೆಗೆ ಕಳಿಸಬೇಕು. ನಾಮಿನಿಯಿಂದ ವಾರಸುದಾರರಿಗೆ ಹೋಗುವ ವರ್ಗಾವಣೆಗೆ 2026ರ ಜನವರಿಯಿಂದ "ಟಿಎಲ್‌ಎಚ್" ಎಂಬ ಕಾರಣ ಸಂಕೇತ ಬಂದಿದೆ. ಅದನ್ನೇ ಹಾಕಿಸಿ. ತಪ್ಪಿ ಸಾಮಾನ್ಯ ವರ್ಗಾವಣೆ ಅಂತ ಹೋದರೆ ತೆರಿಗೆ ಇಲಾಖೆಗೆ ಮಾರಾಟದಂತೆ ಕಂಡು ವಿವರಣೆ ಕೊಡುತ್ತ ಕೂರಬೇಕಾಗುತ್ತದೆ. ಪಾಲಾಗುವ ತನಕ ಅದರಲ್ಲಿ ಮಾರುವುದು, ಕೊಳ್ಳುವುದು ಬೇಡ.

ಕಾಗದದ ಷೇರಿಗೆ ಮೊದಲು ಕಂಪನಿ ಈಗಲೂ ಇದೆಯಾ, ಹೆಸರು ಬದಲಾಗಿದೆಯಾ, ಬೇರೆ ಕಂಪನಿಯಲ್ಲಿ ವಿಲೀನವಾಗಿದೆಯಾ ನೋಡಿ. ಆಮೇಲೆ ಅದರ ಆರ್‌ಟಿಎ (ಕಂಪನಿಯ ಷೇರು ದಾಖಲೆ ನೋಡಿಕೊಳ್ಳುವ ಸಂಸ್ಥೆ) ಯಾರೆಂದು ಕಂಪನಿಯ ಜಾಲತಾಣದ ಹೂಡಿಕೆದಾರರ ಪುಟದಲ್ಲಿ ಹುಡುಕಿ, ಫೋಲಿಯೋ ನಂಬರು ಕೊಟ್ಟು ಬರೆಯಿರಿ. ಬೋನಸ್, ಮುಖಬೆಲೆ ವಿಭಜನೆ ಸೇರಿ ಈಗ ಎಷ್ಟು ಷೇರು ಆಗಿವೆ, ಯಾವುದಾದರೂ ಐಇಪಿಎಫ್‌ಗೆ (ಯಾರೂ ಪಡೆಯದ ಡಿವಿಡೆಂಡ್, ಷೇರು ಸೇರುವ ಸರ್ಕಾರಿ ನಿಧಿ) ಹೋಗಿದೆಯಾ, ಎರಡನ್ನೂ ಕೇಳಿ. ಏಳು ವರ್ಷ ಸತತ ಡಿವಿಡೆಂಡ್ ಪಡೆಯದಿದ್ದರೆ ಷೇರೇ ಅಲ್ಲಿಗೆ ಹೋಗಿರುತ್ತದೆ. ಕೈಯಲ್ಲಿ ನೂರು ಷೇರಿನ ಸರ್ಟಿಫಿಕೇಟ್ ಇದ್ದು ಲೆಕ್ಕದಲ್ಲಿ ಸಾವಿರವಾಗಿರುವುದು ಅಪರೂಪವಲ್ಲ. ಈ ಮೌಲ್ಯ ಗೊತ್ತಾಗದೆ ಯಾವ ದಾಖಲೆ ಬೇಕು ಅಂತ ಹೇಳಲಾಗದು. ಯಾಕೆಂದರೆ ನಾಮಿನಿ ಇಲ್ಲದ ಕಾಗದದ ಷೇರಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ಕೊಟ್ಟ ಸರಳ ವಿಧಾನದ ಮಿತಿ ಒಂದೊಂದು ಕಂಪನಿಗೆ 5 ಲಕ್ಷ.

ಮಿತಿಯೊಳಗಿದ್ದರೆ ಐಎಸ್‌ಆರ್-5 ಫಾರಂ, ಮರಣ ಪ್ರಮಾಣಪತ್ರ, ವಾರಸುದಾರರ ಅಫಿಡವಿಟ್, ಇಂಡೆಮ್ನಿಟಿ ಬಾಂಡ್, ಉಳಿದವರ ಒಪ್ಪಿಗೆ. ಪಡೆಯುವವರ ಹೆಸರಿನಲ್ಲಿ ಡಿಮ್ಯಾಟ್ ಮೊದಲೇ ತೆರೆದಿರಬೇಕು. ಐಇಪಿಎಫ್‌ಗೆ ಹೋಗಿದ್ದರೆ ಮೊದಲು ಕಂಪನಿಯಲ್ಲಿ ವಾರಸುದಾರರೆಂದು ಸಾಬೀತು ಮಾಡಿ ಎಂಟೈಟಲ್‌ಮೆಂಟ್ ಲೆಟರ್ (ನಿಮ್ಮ ಹಕ್ಕು ಒಪ್ಪಿದ ಪತ್ರ) ಪಡೆದು, ಆಮೇಲೆ ಐಇಪಿಎಫ್-5 ಫಾರಂ.

ಎಲ್ಲೆಡೆ ಕಾಡುವುದು ಹೆಸರು. ತೊಂಬತ್ತರ ದಶಕದಲ್ಲಿ ಊರಿನ ಹೆಸರು ಸೇರಿಸಿ ಬರೆದವರು ಆಧಾರ್‌ನಲ್ಲಿ ಬರೀ ಇನಿಷಿಯಲ್ ಇಟ್ಟಿರುತ್ತಾರೆ. ಪಹಣಿ, ಪ್ಯಾನ್, ಷೇರು, ಮರಣ ಪ್ರಮಾಣಪತ್ರದಲ್ಲಿರುವ ಎಲ್ಲ ರೂಪಗಳನ್ನೂ ಅಕ್ಷರಶಃ ಬರೆದು "ಇವೆಲ್ಲ ಒಬ್ಬರದೇ ಹೆಸರು" ಎಂಬ ಅಫಿಡವಿಟ್ ಒಮ್ಮೆಗೇ ಮಾಡಿಸಿ. ಸಕ್ಸೆಷನ್ ಅರ್ಜಿಯಲ್ಲೂ "ಉರುಫ್" ಹಾಕಿ ಎಲ್ಲ ರೂಪ ಸೇರಿಸಿ.

ಆದಾಯ ತೆರಿಗೆ ಪೋರ್ಟಲ್‌ನಲ್ಲಿ ವಾರಸುದಾರರಾಗಿ ನೋಂದಾಯಿಸಿಕೊಂಡು ತಂದೆಯವರ ಕೊನೆಯ ರಿಟರ್ನ್ ಸಲ್ಲಿಸಿ. ರಿಫಂಡ್ ಬರುವುದಿದ್ದರೆ ಅದು ಬರುವ ತನಕ ಪ್ಯಾನ್ ರದ್ದು ಮಾಡಿಸಬೇಡಿ.

ಹೊಂಗೆಮರ

ಕೊನೆಯ ಪ್ರಶ್ನೆ. ಇದೆಲ್ಲ ನೋಡಿ ಅಮ್ಮ ತಾವೂ ವಿಲ್ ಬರೆಯುತ್ತೇನೆ ಅಂತಿದ್ದಾರೆ. ಯಾವಾಗ, ಹೇಗೆ?

ಕಡತ ಓದುವವ

ಮನೆಯ ಬಿಡುಗಡೆ ಪತ್ರ ಆದ ಮೇಲೆ ಬರೆಯುವುದು ಒಳ್ಳೆಯದು. ಪತ್ರದ ನೋಂದಣಿ ಸಂಖ್ಯೆ, ಖಾತೆ ಸಂಖ್ಯೆ, ಚಕ್ಕುಬಂದಿ ವಿಲ್‌ನಲ್ಲಿ ಬರುತ್ತದೆ. ಆದರೆ ಆರೋಗ್ಯ ಸರಿಯಿಲ್ಲದಿದ್ದರೆ ಕಾಯಬೇಡಿ, ಈಗೊಂದು ಬರೆದು ಆಮೇಲೆ ಹೊಸದು ಬರೆಯಲಿ. ಕೊನೆಯದೇ ನಡೆಯುತ್ತದೆ. "ಹಿಂದಿನ ಎಲ್ಲ ವಿಲ್‌ಗಳನ್ನು ರದ್ದು ಮಾಡಿದ್ದೇನೆ" ಎಂಬ ಸಾಲು ಮೊದಲಿಗೇ ಇರಲಿ.

ತಂದೆಯವರ ವಿಲ್‌ನಲ್ಲಿ ಬಿಟ್ಟುಹೋದದ್ದು ಮೂರು. ಒಂದು, ಎಕ್ಸಿಕ್ಯೂಟರ್. ಒಬ್ಬರನ್ನೂ, ಅವರು ಇಲ್ಲದಿದ್ದರೆ ಅಂತ ಇನ್ನೊಬ್ಬರನ್ನೂ ಹೆಸರಿಸಿ. ಎಕ್ಸಿಕ್ಯೂಟರ್ ಸೊತ್ತು ಪಡೆಯುವವರೇ ಆಗಿದ್ದರೂ ಅಡ್ಡಿಯಿಲ್ಲ. ಎರಡು, ಉಳಿಕೆ ಸೊತ್ತಿನ ಸಾಲು. "ಇಲ್ಲಿ ಹೇಳದ, ಇನ್ನು ಮುಂದೆ ನನಗೆ ಬರಬಹುದಾದ ಚರ, ಸ್ಥಿರ ಸೊತ್ತೆಲ್ಲ ಇಂಥವರಿಗೆ" ಎಂಬ ಒಂದು ಸಾಲು ಇದ್ದಿದ್ದರೆ ನಿಮ್ಮ 7 ಲಕ್ಷ, ಡಿಮ್ಯಾಟ್, ಕಾಗದದ ಷೇರು ಯಾವುದೂ ವಿಲ್ ಹೊರಗೆ ಉಳಿಯುತ್ತಿರಲಿಲ್ಲ. ಮೂರು, ಪಡೆಯುವವರು ಅಮ್ಮನಿಗಿಂತ ಮೊದಲೇ ಹೋದರೆ ಆ ಪಾಲು ಯಾರಿಗೆ ಎಂಬುದು.

ಸಾಕ್ಷಿಗಳು ಅಮ್ಮನಿಗಿಂತ ವಯಸ್ಸಿನಲ್ಲಿ ಚಿಕ್ಕವರಾಗಿರಲಿ, ಸೊತ್ತಿನಲ್ಲಿ ಏನೂ ಪಡೆಯದವರಾಗಿರಲಿ, ಅಂಥವರ ಗಂಡ ಅಥವಾ ಹೆಂಡತಿಯೂ ಬೇಡ. ಕುಟುಂಬ ವೈದ್ಯರು ಒಬ್ಬ ಸಾಕ್ಷಿಯಾದರೆ ಮನಸ್ಥಿತಿಯ ಪ್ರಶ್ನೆಗೆ ಅಲ್ಲೇ ಉತ್ತರ. ಪ್ರತಿ ಹಾಳೆಗೂ ಅಮ್ಮನ ಸಹಿ, ತಿದ್ದುಪಡಿ ಇದ್ದಲ್ಲೆಲ್ಲ ಮೂವರ ಸಹಿ. ಯಾರಿಗಾದರೂ ಕಡಿಮೆ ಕೊಡುತ್ತಿದ್ದರೆ ಕಾರಣ ಒಂದೆರಡು ಸಾಲಿನಲ್ಲಿ ಬರೆಯಲಿ, ಬರೀ ಮೌನವಾಗಿ ಬಿಟ್ಟರೆ ಅದನ್ನೇ ಅನುಮಾನವಾಗಿ ಎತ್ತುತ್ತಾರೆ.

ವಿಲ್‌ಗೆ ಮುದ್ರಾಂಕ ಶುಲ್ಕ ಇಲ್ಲ, ಬಿಳಿ ಹಾಳೆ ಸಾಕು. ನೋಂದಣಿ ಐಚ್ಛಿಕ, ಆದರೆ ಮಾಡಿಸಿ. ಪ್ರತಿ ಕಳೆದರೂ ಸಬ್ ರಿಜಿಸ್ಟ್ರಾರ್ ಆಫೀಸಿನ ಮೂರನೇ ಪುಸ್ತಕದಲ್ಲಿ ನಕಲು ಉಳಿಯುತ್ತದೆ. ಅಮ್ಮ ಇರುವ ತನಕ ಆ ನಕಲನ್ನು ಅವರಿಗೆ ಅಥವಾ ಅವರ ಏಜೆಂಟರಿಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ, ಹಾಗಾಗಿ ಗುಟ್ಟು ಬಯಲಾಗುವ ಭಯ ಬೇಡ. ರಿಜಿಸ್ಟರ್ ಆದ ವಿಲ್ಲನ್ನೂ ಬದಲಿಸಬಹುದು, ಬದಲಿಸಿದ್ದನ್ನೂ ರಿಜಿಸ್ಟರ್ ಮಾಡಿಸಿದರೆ ಗೊಂದಲವಿಲ್ಲ.

ವಿಲ್ ಬರೆದ ವಾರದಲ್ಲೇ ಬ್ಯಾಂಕ್, ಡಿಮ್ಯಾಟ್, ವಿಮೆಯ ನಾಮಿನಿ ಹೆಸರುಗಳನ್ನು ಅದಕ್ಕೆ ಹೊಂದಿಸಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಇಡಬಹುದು, ಯಾರಿಗೆ ಶೇಕಡಾ ಎಷ್ಟು ಅಂತಲೂ ಬರೆಯಬಹುದು. ಲಾಕರಿಗೆ ಮಾತ್ರ ಒಬ್ಬರ ನಂತರ ಒಬ್ಬರು ಎಂಬ ಕ್ರಮ. ನವೀಕರಣವಾಗುವ ಪ್ರತಿ ಎಫ್‌ಡಿ ರಸೀದಿಯ ಮೇಲೂ "ನಾಮಿನೇಷನ್ ನೋಂದಾಯಿಸಿದೆ" ಎಂಬ ಮುದ್ರೆ ಇದೆಯಾ ಅಂತ ಕಣ್ಣಾಡಿಸಿ. ಹೊಸ ರಸೀದಿಗೆ ಅದು ತಾನಾಗಿ ಬಂದಿದೆ ಅಂದುಕೊಳ್ಳಬೇಡಿ.

ನಾಡಕಚೇರಿ ದಾರಿ

ಅಜ್ಜಿಯವರ ಎಫ್‌ಡಿ ಮಾಡಿದರೆ ಅದಕ್ಕೂ ನಾಮಿನಿ ಅವರಿಷ್ಟದವರನ್ನೇ ಕೇಳಿ ಹಾಕಿಸಿ. ಮತ್ತೆ ವಂಶವೃಕ್ಷದ ಅರ್ಜಿಯಲ್ಲಿ ಅಜ್ಜಿಯ ವಯಸ್ಸು ಆಧಾರ್‌ನಲ್ಲಿ ಇರುವಷ್ಟೇ ಬರೆಯಿರಿ. ಮನೆಯವರು ಹೇಳುವ ವಯಸ್ಸು ಬೇರೆ ಇದ್ದು, ಅಷ್ಟಕ್ಕೇ ಅರ್ಜಿ ವಾಪಸ್ ಬರುವುದುಂಟು.